ಕೈಕಟ್ಟಿ ನಿಂತ ನೆರಳಕ್ಕ

ನಮ್ಮ ಆಸ್ಪತ್ರೆಯ ಲಾಂಡ್ರಿಗೆ ಅವಳು ಮೊದಲ ಸಲ ಬಂದಾಗ ಯಾರೋ ಜಗಳಕ್ಕೇ ಬಂದಿದ್ದಾರೆ ಅಂದುಕೊಂಡೆ. ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಒಗೆಯುವ ಯಂತ್ರಗಳ ಗದ್ದಲವನ್ನೂ ಮೀರಿಸುವ ದನಿಯಲ್ಲಿ "ಇಲ್ಲಿ ಸೂಪರ್‌ವೈಸರ್ ಯಾರ್ರೀ?" ಎಂದಳು. ಬಸ್ಸಿನಲ್ಲಿ ಪಳಗಿದ ದನಿ ಅದು. ಮಂಡಿ ಕೈಕೊಡುವವರೆಗೂ ಅವಳು ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದಳಂತೆ. ಈಗ ಅವಳಿದ್ದದ್ದು ಒಂದು ಸಣ್ಣ ಸಂಸ್ಥೆಯಲ್ಲಿ. ಕಲಿಕೆ ನಿಧಾನವಾಗಿರುವ ಹುಡುಗ ಹುಡುಗಿಯರಿಗೆ ಕೆಲಸ ಹುಡುಕಿಕೊಟ್ಟು, ಅವರು ತಮ್ಮ ಕಾಲ ಮೇಲೆ ನಿಲ್ಲುವವರೆಗೆ ಪಕ್ಕದಲ್ಲಿದ್ದು ಕಲಿಸುವುದು ಅವಳ ಕೆಲಸ.

ಅವಳ ಬೆನ್ನ ಹಿಂದೆ, ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದವಳು ಚಿನ್ನಿ. ಅಮ್ಮ ಮನೆಯಲ್ಲಿ ಹಾಗೆ ಕರೆಯುತ್ತಿದ್ದಳು, ನಾವೂ ಅದನ್ನೇ ಹಿಡಿದುಕೊಂಡೆವು. ಇಪ್ಪತ್ತು ದಾಟಿದ ಹುಡುಗಿ. ಓದು ಬರಹ ಹತ್ತಿರಲಿಲ್ಲ, ಗಡಿಯಾರ ನೋಡಲು ಬರುತ್ತಿರಲಿಲ್ಲ. ಎದುರಿಗೆ ಸಿಕ್ಕವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳುವುದು ಮಾತ್ರ ತಪ್ಪುತ್ತಿರಲಿಲ್ಲ, ಬೆಳಗಿನ ಎಂಟು ಗಂಟೆಯಾದರೂ ಸರಿಯೇ. ಅವಳ ಅಮ್ಮ ಕಳಿಸಲು ಒಪ್ಪಿದ್ದೇ ದೊಡ್ಡ ಮಾತು. "ಇದೊಂದು ಸಲ ನೋಡಿ. ಇಲ್ಲೂ ಬೇಡ ಅಂದ್ರೆ ಮತ್ತೆ ನಮ್ಮ ಬಾಗಿಲಿಗೆ ಬರ್ಬೇಡಿ, ಮಗೂನ ಜನ ಆಡ್ಕೊಳ್ಳೋದು ನನ್ನ ಕೈಲಿ ನೋಡಕ್ಕಾಗಲ್ಲ" ಎಂದು ಖಂಡತುಂಡವಾಗಿ ಹೇಳಿದ್ದಳಂತೆ. ಇಲ್ಲಿ ಕೆಲಸ ತಪ್ಪಿದರೆ ಆ ಹುಡುಗಿಗೆ ಉಳಿದದ್ದು ಮನೆಯ ಜಗಲಿ ಒಂದೇ.

ನಾನು ಆ ಲಾಂಡ್ರಿಯ ಟೇಲರ್. ಹರಿದ ಹಾಸಿಗೆ ಬಟ್ಟೆ, ಬಾಯಿ ಬಿಟ್ಟ ದಿಂಬಿನ ಚೀಲ, ಗುಂಡಿ ಕಳೆದುಕೊಂಡ ರೋಗಿಗಳ ಅಂಗಿ, ಎಲ್ಲ ನನ್ನ ಬುಟ್ಟಿಗೆ ಬೀಳುತ್ತವೆ. ಮಡಿಸುವ ಮೇಜಿನ ಎದುರಿಗೇ ನನ್ನ ಮಿಷನ್ನು. ಹಾಗಾಗಿ ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ. ನನಗೆ ಬಾಯಿ ಸ್ವಲ್ಪ ಜಾಸ್ತಿ ಎಂದು ಹೆಂಡತಿ ಹೇಳುತ್ತಾಳೆ. ಇರಲಿ, ಬಾಯಿ ಇಲ್ಲದವನಾಗಿದ್ದರೆ ಈ ಕತೆ ನಿಮಗೆ ಯಾರು ಹೇಳುತ್ತಿದ್ದರು?

ಚಿನ್ನಿ ನೀರು ಕುಡಿಯಲು ಹೋದರೂ ಕಲಿಸಲು ಬಂದವಳು ಹಿಂದೆ ಇರುತ್ತಿದ್ದಳು. ಮಡಿಸುವ ಹೆಂಗಸರು ತಮ್ಮತಮ್ಮಲ್ಲೇ "ನೆರಳು ಬಂತು ನೋಡ್ರೇ" ಎಂದು ನಗುತ್ತಿದ್ದರು. ಅದು ಅವಳ ಕಿವಿಗೂ ಬಿತ್ತು. "ಬರೀ ನೆರಳು ಅನ್ಬೇಡ್ರಮ್ಮಾ, ವಯಸ್ಸಿಗಾದ್ರೂ ಮರ್ಯಾದೆ ಕೊಟ್ಟು ಅಕ್ಕ ಸೇರಿಸ್ಕೊಳ್ಳಿ" ಎಂದಳು. ಅಂದಿನಿಂದ ನೆರಳಕ್ಕ ಆದಳು.

ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ನನ್ನ ಮಿಷನ್ನಿನ ಪಕ್ಕ ಬಂದು ಕೂರುತ್ತಿದ್ದಳು. ಹಾಗೆ ಕೂತಾಗಲೇ ಒಮ್ಮೆ ತಮ್ಮನ ವಿಷಯ ಹೇಳಿದ್ದು. ಅವನೂ ಚಿನ್ನಿಯಂಥವನೇ. ಅವನ ಕೈಲಿ ಏನೂ ಆಗುವುದಿಲ್ಲ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿಬಿಟ್ಟಿದ್ದರು. ಬೆಳಗ್ಗೆ ಅಕ್ಕ ಬಸ್ಸಿನ ಕೆಲಸಕ್ಕೆ ಹೊರಟಾಗ ಅವನೂ ತಲೆ ಬಾಚಿ, ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಬರುತ್ತಿದ್ದ. ಅಲ್ಲಿಂದ ಒಳಗೆ ಕರೆದುಕೊಳ್ಳುತ್ತಿದ್ದರು. ಕೂದಲು ಬೆಳ್ಳಗಾದರೂ ಬಾಗಿಲು ದಾಟಲಿಲ್ಲ. ಒಂದು ಜ್ವರ ಬಂತು, ಹೋಗಿಬಿಟ್ಟ.

"ಮುದ್ದು ಮಾಡಿ ಮಾಡಿಯೇ ಅವನ ಬದುಕು ಕಿತ್ಕೊಂಡ್ವಿ ಟೇಲರಣ್ಣ" ಎಂದಳು ನೆರಳಕ್ಕ. "ಇನ್ನೊಂದು ಮಗೂಗೆ ಹಾಗಾಗೋಕೆ ನಾನು ಬಿಡಲ್ಲ." ಇಷ್ಟು ಹೇಳಿ, ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋದಳು.

ಕಲಿಸುವುದರಲ್ಲಿ ಅವಳದು ಭಂಡ ಹಟ. ಹಾಸಿಗೆ ಬಟ್ಟೆ ಹರಡು, ಹರಿದಿದೆಯಾ ನೋಡು, ಹರಿದಿದ್ದರೆ ಟೇಲರಣ್ಣನ ಬುಟ್ಟಿಗೆ ಹಾಕು. ಇಲ್ಲದಿದ್ದರೆ ಮೂಲೆಗೆ ಮೂಲೆ ಸೇರಿಸು, ಮಡಿಸು, ಮತ್ತೆ ಮಡಿಸು, ಅಂಗೈಯಿಂದ ಒತ್ತಿ ಅಟ್ಟಿಗೆ ಸೇರಿಸು. ಇದನ್ನೇ ಹಗಲೆಲ್ಲ ಹೇಳುತ್ತಿದ್ದಳು. ಒಂದು ಬಟ್ಟೆ ಮುಗಿದ ಕೂಡಲೇ ಚಿನ್ನಿಯ ಹೆಗಲು ತಟ್ಟಿ "ಹ್ಞಾಂ, ಮುಂದೆ!" ಎನ್ನುತ್ತಿದ್ದಳು. ಬಸ್ಸಿನ ಬಾಗಿಲಲ್ಲಿ ಜೋತುಬಿದ್ದವರನ್ನು ಒಳಗೆ ತಳ್ಳಿದ ಕೈ, ಅಭ್ಯಾಸ ಎಲ್ಲಿ ಹೋಗಬೇಕು? ಬರಬರುತ್ತ ಮಾತು ನಿಂತಿತು, ತಟ್ಟುವುದು ಉಳಿಯಿತು. ಚಿನ್ನಿಯ ಕೈ ಎಷ್ಟು ಕುದುರಿತೆಂದರೆ ಅವಳು ಮಡಿಸಿದ ಬಟ್ಟೆಯ ಅಂಚು ನಾನು ಹೊಲಿದ ಅಂಚಿಗಿಂತ ನೆಟ್ಟಗಿರುತ್ತಿತ್ತು. ಇದನ್ನು ಒಪ್ಪಿಕೊಳ್ಳಲು ನನಗೇನೂ ಖುಷಿಯಿಲ್ಲ.

ಸೂಪರ್‌ವೈಸರಿಗೆ ಮಾತ್ರ ಖುಷಿಯಾಯಿತು. "ಇನ್ನು ಒಬ್ಬಳೇ ಮಾಡ್ಲಿ ನೋಡೋಣ. ನೀವು ಹೊರಗಿರಿ" ಎಂದರು ನೆರಳಕ್ಕನಿಗೆ. ಅವಳು ನಗುನಗುತ್ತಲೇ ಗೇಟಿನಾಚೆ ಹೋದಳು.

ಚಿನ್ನಿ ಒಂದು ಬಟ್ಟೆ ಮಡಿಸಿದಳು. ಅಂಗೈಯಿಂದ ಒತ್ತಿದಳು. ಅಟ್ಟಿಗೆ ಸೇರಿಸಿದಳು. ಆಮೇಲೆ ನಿಂತಳು, ಅಷ್ಟೇ. ಒಗೆದು ಬಂದ ಬಟ್ಟೆ ಮೇಜಿನ ಮೇಲೆ ಗುಡ್ಡವಾಯಿತು. ವಾರ್ಡಿನಿಂದ ಒಂದರ ಹಿಂದೆ ಒಂದು ಫೋನು. ಹೆಂಗಸರು "ಮಡಿಸೇ, ಮಡಿಸು" ಎಂದರೆ ಅವರ ಮುಖ ನೋಡಿ ನಕ್ಕಳು, ಕೈ ಏಳಲಿಲ್ಲ. ಸೂಪರ್‌ವೈಸರ್ ಬಂದು ನೋಡಿದವರೇ ಕನ್ನಡಕ ಮೇಲೇರಿಸಿ, "ನಂಗೆ ಮೊದಲೇ ಗೊತ್ತಿತ್ತು. ನಾಳೆಯಿಂದ ಬೇಡ" ಎಂದರು.

ನೆರಳಕ್ಕ ಅವರ ಬೆನ್ನು ಬಿಡಲಿಲ್ಲ. ಕಚೇರಿಯ ಬಾಗಿಲಲ್ಲಿ ನಿಂತಳು, ಕಾರಿನ ಹತ್ತಿರ ನಿಂತಳು. ಕೊನೆಗೆ ಪೀಡೆ ಕಳೆದರೆ ಸಾಕು ಎಂಬಂತೆ ಅವರು ಒಂದು ವಾರ ಬಿಟ್ಟುಕೊಟ್ಟರು.

ಮಾರನೆಯ ದಿನ ಅವಳು ನನ್ನ ಮಿಷನ್ನಿನ ಹಿಂದೆ ಕೂತು ಚಿನ್ನಿಯನ್ನೇ ನೋಡತೊಡಗಿದಳು. ಹುಡುಗಿ ಮತ್ತೆ ಒಂದು ಮಡಿಸಿ ನಿಂತಳು. ಅಷ್ಟರಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸಿನ ಮೊಣಕೈ ಅವಳ ಹೆಗಲಿಗೆ ತಾಗಿತು. ಚಿನ್ನಿ ತಕ್ಷಣ ಇನ್ನೊಂದು ಬಟ್ಟೆ ಎತ್ತಿ ಮಡಿಸಿದಳು. ಮತ್ತೆ ನಿಂತಳು.

ನೆರಳಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಅವಳ ತಪ್ಪಲ್ಲ ಟೇಲರಣ್ಣ, ನನ್ನ ಕೈಯ್ದು. ಹೆಗಲು ತಟ್ಟೋದೂ ಮಡಿಸೋ ಕೆಲಸದಲ್ಲೇ ಸೇರಿದೆ ಅಂತ ತಿಳ್ಕೊಂಡಿದಾಳೆ ಮಗು. ನಾನು ಹಾಗೇ ಕಲಿಸಿದೀನಿ!"

"ಹಾಗಾದ್ರೆ ದಿನಾ ಬಂದು ತಟ್ಟಿ, ಅದಕ್ಕೇನೀಗ?" ಎಂದೆ ನಾನು.

"ನಾನು ಸತ್ತ ಮೇಲೆ ನೀವು ತಟ್ತೀರಾ?"

ನಾನು ಸೂಜಿಗೆ ದಾರ ಪೋಣಿಸಿದೆ.

ಅವಳು ಹೋಗಿ ಚಿನ್ನಿಯ ಎದುರಿಗೆ ನಿಂತಳು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು, ತುಟಿ ಬಿಗಿದು ನಿಂತಳು. ಚಿನ್ನಿ ತನ್ನ ಹೆಗಲು ನೋಡಿಕೊಂಡಳು, ಅಕ್ಕನನ್ನು ನೋಡಿದಳು, ಮತ್ತೆ ಹೆಗಲು ನೋಡಿಕೊಂಡಳು. ಹೆಗಲನ್ನು ಸ್ವಲ್ಪ ಮುಂದಕ್ಕೂ ಒಡ್ಡಿದಳು. ಅಕ್ಕ ಅಲ್ಲಾಡಲಿಲ್ಲ. ಹೆಂಗಸರಲ್ಲಿ ಒಬ್ಬಳು ಕಿಸಕ್ಕೆಂದಳು. ಚಿನ್ನಿಯ ಕಣ್ಣು ತುಂಬಿತು. ಹೋಗಿ ನಾನೇ ತಟ್ಟಿಬಿಡೋಣ ಅಂತ ಅರ್ಧ ಎದ್ದೂ ಎದ್ದೆ. ನೆರಳಕ್ಕ ನನ್ನತ್ತ ಒಂದು ನೋಟ ಬಿಟ್ಟಳು ನೋಡಿ, ತೆಪ್ಪಗೆ ಕೂತೆ. ಅವಳ ಕಣ್ಣಲ್ಲೂ ನೀರಿತ್ತು. ಆದರೂ ಕೈ ಕಂಕುಳಿನಿಂದ ಹೊರಗೆ ಬರಲಿಲ್ಲ.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ಕೊನೆಗೆ ಚಿನ್ನಿ ಮೂಗು ಒರೆಸಿಕೊಂಡಳು. ಎಡಗೈ ಎತ್ತಿ ತನ್ನ ಬಲ ಹೆಗಲನ್ನು ತಾನೇ ಗಟ್ಟಿಯಾಗಿ ತಟ್ಟಿಕೊಂಡು, "ಹ್ಞಾಂ, ಮುಂದೆ!" ಎಂದಳು. ಬಟ್ಟೆ ಎತ್ತಿಕೊಂಡಳು.

ಕಣ್ಣೆಲ್ಲ ಅವರ ಕಡೆಗೇ ಇದ್ದು, ನಾನು ರೋಗಿಯೊಬ್ಬರ ಅಂಗಿಯ ತೋಳಿಗೆ ಜೇಬು ಹೊಲಿದುಬಿಟ್ಟಿದ್ದು ಆ ದಿನವೇ.

ವಾರದ ಕೊನೆಗೆ ಸೂಪರ್‌ವೈಸರ್ ಮೇಜಿನ ಪಕ್ಕ ನಿಂತು ನೋಡಿದರು. ಗುಡ್ಡ ಕರಗುತ್ತಿತ್ತು. ಹರಿದದ್ದು ಒಂದೂ ಅಟ್ಟಿಗೆ ಸೇರಿರಲಿಲ್ಲ. ಹುಳುಕು ಹುಡುಕದಿದ್ದರೆ ಅವರಿಗೆ ಊಟ ಸೇರುವುದಿಲ್ಲವಲ್ಲ, "ಕೆಲಸ ಪರವಾಗಿಲ್ಲ. ಆದ್ರೆ ಅದೇನು ಮಾತೆತ್ತಿದ್ರೆ ಹೆಗಲು ತಟ್ಕೊಳ್ಳೋದು? ನೋಡೋಕೆ ಒಂಥರಾ" ಎಂದರು.

"ನೀವು ಮಾತೆತ್ತಿದ್ರೆ ಕನ್ನಡಕ ಏರಿಸ್ತೀರಲ್ಲ ಸಾರ್, ನಾವ್ಯಾರಾದ್ರೂ ಕೇಳಿದೀವಾ?" ಎಂದಳು ನೆರಳಕ್ಕ.

ಕನ್ನಡಕದ ಕಡೆಗೆ ಹೊರಟಿದ್ದ ಅವರ ಕೈ ಅರ್ಧದಲ್ಲೇ ನಿಂತಿತು. ಹೆಂಗಸರೆಲ್ಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡರು. ಅವರೂ ನಕ್ಕರು, ಅದು ಅವರ ದೊಡ್ಡತನ. "ಸರಿಯಮ್ಮ, ಇಟ್ಕೋತೀನಿ. ಆದ್ರೆ ನೀವೂ ಇಲ್ಲೇ ಇರಿ. ಸುಮ್ನೆ ಕೂತಿರಿ ಸಾಕು, ನನಗೊಂದು ಧೈರ್ಯ."

ಒಪ್ಪಿಕೊಂಡಿದ್ದರೆ ಎಲ್ಲರಿಗೂ ಸುಲಭವಿತ್ತು, ಚಿನ್ನಿಯ ಅಮ್ಮನಿಗೂ ನೆಮ್ಮದಿಯಿತ್ತು. ನಾನು ಒಪ್ಪಿಕೋ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ.

"ಆಗಲ್ಲ ಸಾರ್" ಎಂದಳು. "ನಾನು ಕೂತಿದ್ರೆ ಅವಳು ನಿಮ್ಮ ಕೆಲಸದವಳಾಗಲ್ಲ, ನಾನು ಕರ್ಕೊಂಡು ಬಂದ ಮಗು ಆಗ್ತಾಳೆ. ಎಲ್ರಿಗೂ ಕೊಡೋ ಹಾಗೆ ಕೆಲಸ ಕೊಡಿ. ತಪ್ಪು ಮಾಡಿದ್ರೆ ಎಲ್ರನ್ನೂ ಬೈಯೋ ಹಾಗೆ ಬೈಯಿರಿ."

"ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ?"

"ಆದ್ರೆ ಆಗತ್ತೆ. ನಿಮ್ಮ ಮಿಕ್ಕ ಕೆಲಸದವರ ಕೈಲಿ ಆಗಿಲ್ವಾ?" ಇಷ್ಟು ಹೇಳಿ ನನ್ನ ಕಡೆ ಬೆರಳು ತೋರಿಸಿದಳು. "ಮೊನ್ನೆ ಈ ಮಹಾನುಭಾವರು ಅಂಗಿ ತೋಳಿಗೆ ಜೇಬು ಹೊಲಿದಿದಾರೆ."

ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನನಗಂತೂ ತಲೆ ಎತ್ತಲಾಗಲಿಲ್ಲ. ನೆರಳಕ್ಕ ಚೀಲ ಹೆಗಲಿಗೇರಿಸಿಕೊಂಡು ಹಿಂತಿರುಗಿ ನೋಡದೆ ಹೊರಟಳು.

ಆದರೆ ಎಲ್ಲೂ ಹೋಗಿರಲಿಲ್ಲ. ಸಂಜೆ ಪಾಳಿ ಮುಗಿಸಿ ನಾವು ಹೊರಗೆ ಬಂದರೆ, ರಸ್ತೆಯಾಚೆ ಬಸ್ ನಿಲ್ದಾಣದ ಕಂಬಕ್ಕೆ ಒರಗಿ, ಮಂಡಿ ನೀವಿಕೊಳ್ಳುತ್ತ ನಿಂತಿದ್ದಳು. ಇಡೀ ಮಧ್ಯಾಹ್ನ ಅಲ್ಲೇ ಇದ್ದಳೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಚಿನ್ನಿ ಮಡಿಸುವ ಹೆಂಗಸರ ನಡುವೆ ಏನೋ ಹರಟುತ್ತ ಬಂದಳು.

"ಚಿನ್ನಿ, ಕೆಲಸ ಸಿಕ್ಕಿತಲ್ಲೇ! ನಾಳೆ ಸಿನಿಮಾಕ್ಕೆ ಹೋಗೋಣ್ವಾ? ಬೆಳಗ್ಗೇನೇ ಬರ್ತೀನಿ, ಇಡೀ ದಿನ ಸುತ್ತೋಣ" ಎಂದಳು ನೆರಳಕ್ಕ. ಸಂತೋಷಕ್ಕೆ ಮೈಮರೆತಿದ್ದಳು ಪಾಪ.

ಚಿನ್ನಿ ಅವಳನ್ನು ಸ್ವಲ್ಪ ಮರುಕದಿಂದಲೇ ನೋಡಿದಳು, ಲೋಕಜ್ಞಾನವಿಲ್ಲದವರನ್ನು ನೋಡುವ ಹಾಗೆ.

"ನಾಳೆ ಹೇಗಾಗತ್ತೆ ಅಕ್ಕಾ? ನಂಗೆ ಡ್ಯೂಟಿ ಇದೆ."

ಬಸ್ಸು ಬಂತು. ಚಿನ್ನಿ ಹತ್ತಿ ಹೋದಳು. ಯಾವ ಮಾತಿಗೂ ಸೋಲದ ನೆರಳಕ್ಕ ನಿಲ್ದಾಣದ ಕಲ್ಲಿನ ಮೇಲೆ ಕುಸಿದು ಕೂತು, ಅಷ್ಟು ಜನರ ಎದುರಿಗೇ ಗಟ್ಟಿಯಾಗಿ ಅತ್ತಳು.