ರೇಣವ್ವ ಗಂಜಿ ಬಿಟ್ಟದ್ದು

ಗಜೇಂದ್ರಗಡದ ರೇಣವ್ವನಿಗೆ ಈಗ ಐವತ್ತೆಂಟು ವರ್ಷ. ಅದರಲ್ಲಿ ನಲವತ್ತು ವರ್ಷ ಮಗ್ಗದ ಮುಂದೆಯೇ ಕಳೆದಿವೆ. ಸಮುದ್ರವನ್ನು ಆಕೆ ಕಣ್ಣಾರೆ ಕಂಡವಳಲ್ಲ. ಆದರೂ ಸಮುದ್ರದ ನೀರಿನಿಂದ ಯುರೇನಿಯಂ ಹಿಡಿಯಲು ಆಕೆಯ ಬಟ್ಟೆಯೇ ಬೇಕಾಯಿತು ನೋಡಿ!

ಕೇಳಿಕೊಂಡು ಬಂದವಳು ರೋಣದ ಹತ್ತಿ ವ್ಯಾಪಾರಿಗಳ ಮನೆಮಗಳು ನಿರ್ಮಲಾ. ಕರಾವಳಿಯ ಪ್ರಯೋಗಶಾಲೆಯೊಂದರಲ್ಲಿ ವಿಜ್ಞಾನಿ. ಹತ್ತಿಬಟ್ಟೆಯನ್ನು ಗಾಳಿಯಾಡದ ಕುಲುಮೆಯಲ್ಲಿಟ್ಟು ಇದ್ದಿಲಾಗಿಸಿ, ಅದಕ್ಕೊಂದು ರಾಸಾಯನಿಕ ಲೇಪಿಸಿ, ಸಮುದ್ರದ ನೀರಿಗಿಳಿಸಿ ಕರೆಂಟ್ ಹರಿಸಬೇಕು. ಆಗ ನೀರಿನಲ್ಲಿ ಕರಗಿರುವ ಯುರೇನಿಯಂ ಬಂದು ಬಟ್ಟೆಗೆ ಅಂಟುತ್ತದೆ. ಕೈಮಗ್ಗದ ಬಟ್ಟೆಯೊಳಗೆ ನೀರು ಸಲೀಸಾಗಿ ಹಾಯುತ್ತದೆಂದು ನಿರ್ಮಲಾ ನಂಬಿದ್ದಳು.

"ನೇಯ್ದ ಮ್ಯಾಲ ಗಂಜಿ ಪೂರಾ ತೊಳದ ಕಳಸ್ರಿ, ರೇಣಕ್ಕಾ," ಎಂದು ಹತ್ತು ಸಲ ಹೇಳಿಯೂ ಇದ್ದಳು. ಹಾಸಿಗೆ, ಅಂದರೆ ಮಗ್ಗಕ್ಕೇರಿಸುವ ಉದ್ದ ನೂಲಿಗೆ, ಹಾಕಿದ ಗಂಜಿ ನೇಯ್ದ ಬಟ್ಟೆಯಲ್ಲೂ ಉಳಿದಿರುತ್ತದೆ.

ಎರಡು ಸಲ ಬಟ್ಟೆ ಹೋಯಿತು. ಎರಡು ಸಲವೂ ಯುರೇನಿಯಂ ಕಾಟಾಚಾರಕ್ಕೆಂಬಂತೆ ಅಂಟಿತು. ನಿರ್ಮಲಾ ಫೋನು ಮಾಡಿದಳು.

"ಸುಟ್ಟ ಬಟ್ಟಿ ಮ್ಯಾಲ ಪೊರಿ ಕಟ್ಟೇತ್ರಿ. ನಾವು ಹಚ್ಚೂ ಔಷಧ ಹಿಡಿಯಾಕತ್ತಿಲ್ಲ. ಇನ್ನೊಂದ ಸಲ ನೋಡ್ತೀವಿ. ಆಗಲಿಲ್ಲಂದ್ರ ಗಿರಣಿ ಬಟ್ಟಿ ತರಸ್ರಿ ಅಂದಾರ ನಮ್ಮ ಸಾಹೇಬ್ರು."

ರೇಣವ್ವನ ನಲವತ್ತು ವರ್ಷದ ಕೈ ಗಿರಣಿಯ ಮುಂದೆ ಸೋಲುವುದೇ? ಆಕೆಗೆ ಆ ಪೊರೆಯ ಗುಟ್ಟು ಗೊತ್ತಿತ್ತು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ತಪ್ಪ ನಂದ, ತಂಗಿ. ತೊಳದಿದ್ದು ಖರೇ. ಆದ್ರ ಅಷ್ಟ ದೂರದ ಸಾಹೇಬ್ರ ಮುಂದ ಜೋಲು ಅರಿವಿ ಹ್ಯಾಂಗ ಕಳಸೂದು? ತಿರುಗಿ ತಿಳಿ ಗಂಜಿ ಕೊಟ್ಟ, ಇಸ್ತ್ರಿ ಹೊಡದ ಕಳಿಸಿದ್ದೆ."

ಅತ್ತೆ ಸಿದ್ದವ್ವ ಕಲಿಸಿದ್ದೇ ಹಾಗೆ: ಗಂಜಿ ಕಾಣದ ಬಟ್ಟೆ ಆ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಅತ್ತ ನಿರ್ಮಲಾ ಬಿದ್ದು ಬಿದ್ದು ನಕ್ಕಳು.

ಮೂರನೆಯ ಬಟ್ಟೆಯನ್ನು ರೇಣವ್ವ ಬಿಸಿನೀರಿನಲ್ಲಿ ನೆನೆಸಿ, ಕುಕ್ಕಿ, ಏಳು ನೀರಿನಲ್ಲಿ ಜಾಲಿಸಿದಳು. ಒಣಗಿದ ಬಟ್ಟೆ ಕೈಯಲ್ಲಿ ಜೋತುಬಿದ್ದಾಗ ಜೀವ ತಡೆಯದೆ ಒಲೆಯತ್ತ ತಿರುಗಿದಳು. ಗಂಡ ಅರ್ಜುನಪ್ಪ ಕಟ್ಟೆಯ ಮೇಲಿಂದಲೇ ನಕ್ಕ.

"ಹುಡುಕಬ್ಯಾಡ. ಗಂಜಿ ಗಡಿಗಿ ನಾನ ಬಚ್ಚಿಟ್ಟೀನಿ."

ಆ ಜೋಲು ಬಟ್ಟೆಯನ್ನು ಕಟ್ಟಿ ಕಳಿಸುವಾಗ ಆಕೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ತಿಂಗಳು ಕಳೆದು ಒಂದು ಮಧ್ಯಾಹ್ನ ನಿರ್ಮಲಾ ವಿಡಿಯೋ ಕಾಲ್ ಮಾಡಿದಳು. ಸಮುದ್ರದ ನೀರಿನಿಂದ ಎತ್ತಿದ ಕಪ್ಪು ಬಟ್ಟೆಯ ತುಂಬ ಅರಿಶಿನ ಉದುರಿಸಿದಂತೆ ಹಳದಿ.

"ಈ ಹಳದೀನ ಯುರೇನಿಯಂ, ರೇಣಕ್ಕಾ! ಗಿರಣಿ ಬಟ್ಟಿಗೂ ಅದ ಔಷಧ ಹಚ್ಚಿ ನೋಡಿದ್ವಿ. ಅದರ ಮೂರು ಪಟ್ಟು ನಿಮ್ಮದು ಹಿಡದೈತಿ. ಸಾಹೇಬ್ರು ಇನ್ನೂರು ಮೀಟರ್ ಕೇಳ್ಯಾರ!"

ರೇಣವ್ವನಿಗೆ ಅಳುವೂ ಬಂತು, ನಗುವೂ ಬಂತು. ಅತ್ತೆ ಇದ್ದಿದ್ದರೆ ಈ ಜೋಲು ಬಟ್ಟೆಯ ಪ್ರತಾಪ ತೋರಿಸಬಹುದಿತ್ತಲ್ಲ ಎಂದುಕೊಂಡಳು. ಇನ್ನೂರು ಮೀಟರ್ ಒಂದು ಮಗ್ಗದ ಕೆಲಸವಲ್ಲ. ಗರಿಗರಿ ಗಂಜಿಯ ಸೀರೆ ಉಟ್ಟು ಓಣಿಗಿಳಿದು, ನೇಕಾರರ ಮನೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು:

"ಮಗ್ಗಕ್ಕ ಹಾಸು ಏರಸ್ರೇ! ತೊಳದ ಮ್ಯಾಲ ಯಾರರ ಗಂಜಿ ಮುಟ್ಟಿದ್ರ, ನನ್ನಂಥಾ ಕೆಟ್ಟಾಕಿ ಇಲ್ಲ ನೋಡ್ರಿ!"