ಕಡಲೆ ಹುಳಿಗೆಂದು ಹನುಮಸಾಗರದ ಕಡೆಗೆ

ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ ಕುಷ್ಟಗಿ ಬಸ್ಸಿಗಾಗಿ ಒಂದೂವರೆ ತಾಸು ಕಾದೆ. ಎಳ್ಳಮಾವಾಸ್ಯೆ ಕಳೆದು ಒಂದು ವಾರವಾಗಿತ್ತು. ಈ ಹೊತ್ತಿನಲ್ಲಿ ನಮ್ಮೂರಿನ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾದಂಗಡಿಯ ಮುಂದೆ ಎಳೆಬಿಸಿಲಿಗೆ ಮೈ ಕಾಯಿಸುತ್ತ ನಿಂತಿರಬೇಕು. ಈ ವರ್ಷ ಎಲ್ಲರ ಕೈಯಲ್ಲೂ ಕೊಡೆ. ಧೋ ಎಂದು ಸುರಿದು ಹೋಗುವ ಮಳೆಯಾದರೆ ಬೈದು ಸುಮ್ಮನಾಗಬಹುದು. ಇದು ಹಾಗಲ್ಲ; ಬರುತ್ತೇವೆ ಎಂದು ಎದ್ದು ಹೊಸ್ತಿಲ ತನಕ ಹೋದ ಬೀಗರು ಮತ್ತೆ ಒಳಗೆ ಬಂದು ಕೂತಂಥ ಮಳೆ.

ನಾನು ಗಂಗಾವತಿಯಲ್ಲಿ ಖಾನಾವಳಿ ನಡೆಸುವವಳು. ಭತ್ತ ಕೊಯ್ಯುವ ಮಷಿನ್ನಿನವರು, ಲಾರಿ ಡ್ರೈವರುಗಳು, ರೈಸ್‌ಮಿಲ್ಲಿನ ಹಮಾಲರು ನನ್ನ ಗಿರಾಕಿಗಳು. ಅವರನ್ನೆಲ್ಲ ನಾದಿನಿಯ ಕೈಗೆ ಒಪ್ಪಿಸಿ ಹೊರಟದ್ದು ಖಾಜಾಬಿ ಚಾಚಿ ಕರೆದಳೆಂದು. ಚಾಚಿ ಹನುಮಸಾಗರದಾಚೆಯ ಹಳ್ಳಿಯವಳು. ಹಿಂದೆ ಭತ್ತದ ನಾಟಿಗೆ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ನಮ್ಮ ಕಡೆ ಬರುತ್ತಿದ್ದಳು. ಒಮ್ಮೆ ನಾನು ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆ ಕುಸಿದಿದ್ದಾಗ ಸೊಂಟದ ಚೀಲದಿಂದ ಸಣ್ಣ ಬಾಟಲಿ ತೆಗೆದು, ನೀರಿಗೆ ನಾಲ್ಕು ಹನಿ ಹಾಕಿ ಕುಡಿಸಿದಳು. ಹಲ್ಲು ಚುಳ್ಳೆಂದಿತು, ಕಣ್ಣಲ್ಲಿ ನೀರು ಬಂತು, ತೇಗು ಬಂತು, ನೋವು ಹೋಯಿತು. ಅದು ಕಡಲೆ ಹುಳಿ. ಅಂದಿನಿಂದ ಪ್ರತಿ ಚಳಿಗಾಲಕ್ಕೂ ಒಂದು ಬಾಟಲಿ ಯಾರದಾದರೂ ಕೈಯಲ್ಲಿ ನನಗೆ ಬಂದು ಮುಟ್ಟುತ್ತಿತ್ತು.

ಕಡಲೆ ಗಿಡದ ಎಲೆಯ ಮೇಲೆ ಹುಳಿ ಒಸರುತ್ತದೆ. ಚಳಿಗಾಲದಲ್ಲಿ ಇಬ್ಬನಿ ಬಿದ್ದಾಗ ಅದು ಇಬ್ಬನಿಯಲ್ಲಿ ಕರಗಿ ನಿಲ್ಲುತ್ತದೆ. ಸಂಜೆ ಗಿಡಗಳ ಮೇಲೆ ತೆಳುವಾದ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿಕೊಳ್ಳಬೇಕು. ಆ ಸೀಮೆಯಲ್ಲಿ ಮೊದಲು ಮನೆಮನೆಯಲ್ಲೂ ಹಿಂಡುತ್ತಿದ್ದರಂತೆ. ಈಗ ಅವರ ಊರಿನಲ್ಲಿ ಉಳಿದವಳು ಚಾಚಿಯೊಬ್ಬಳೇ, ಅದೂ ಈ ವರ್ಷಕ್ಕೆ ಮುಗಿಯಿತು. ಅವರ ಹೊಲವನ್ನು ಸೋಲಾರ್‌ನವರಿಗೆ ಕೊಟ್ಟಾಗಿತ್ತು. "ಈ ಸಲದ್ದ ಕಡೀದು ನೋಡವ್ವ. ಒಂದ ಬಾಟ್ಲಿ ನಿನಗ, ಒಂದ ನನಗ. ನೀನ ಬಂದು ಕಣ್ಣಾರೆ ನೋಡು," ಎಂದು ಫೋನಿನಲ್ಲಿ ಹೇಳಿದ್ದಳು. ಮಳೆ ನಿಲ್ಲಲಿ ಎಂದು ಕೂತರೆ ಆಗುವುದಿಲ್ಲ ಎಂದುಕೊಂಡು ಹೊರಟುಬಿಟ್ಟೆ.

ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ರೂಪಾಯಿ ಟಿಕೆಟ್ ಇಸಕೊಂಡು ಕಿಟಕಿಯ ಪಕ್ಕ ಕೂತೆ. ಅದರ ಗಾಜು ಮುಚ್ಚುತ್ತಿರಲಿಲ್ಲ. ಕನಕಗಿರಿ ಬರುವ ತನಕ ಎಡತೋಳು ತೊಯ್ಯುತ್ತಲೇ ಇತ್ತು. ರಸ್ತೆಯ ಅರ್ಧಭಾಗ ಭತ್ತದ್ದು. ಕಣದಲ್ಲಿ ನೀರು ನಿಂತಿದ್ದರಿಂದ ಜನ ಡಾಂಬರಿನ ಮೇಲೇ ಭತ್ತ ಸುರುವಿ ತಾಡಪತ್ರಿ ಹೊದಿಸಿದ್ದರು. ಮಳೆ ನಿಂತ ಗಳಿಗೆಗೆ ತಾಡಪತ್ರಿ ಸರಿಸುವುದು, ಹನಿ ಬಿದ್ದ ಕೂಡಲೇ ಎಳೆಯುವುದು, ಇದೇ ಕೆಲಸ. ಒಬ್ಬಾಕೆ ರಾಶಿಯೊಳಗೆ ಮೊಣಕೈ ತನಕ ಕೈ ತೂರಿಸಿ, ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿದಂತೆ ಮುಟ್ಟಿ ನೋಡುತ್ತಿದ್ದಳು. ಒಳಗೆ ಬಿಸಿಯೆದ್ದರೆ ಮೊಳಕೆ ಬಂತೆಂದೇ ಲೆಕ್ಕ. ಕಾಲುವೆ ನೀರಿಗಾಗಿ ಜಗಳಕ್ಕೆ ನಿಲ್ಲುವ ನಮ್ಮ ಜನ ಈಗ ನೀರು ಕಂಡರೆ ಮುಖ ತಿರುಗಿಸುವಂತಾಗಿತ್ತು. ನನಗೆ ಪಾಪ ಅನ್ನಿಸಿತು. ಈ ವರ್ಷ ಗಿರಾಕಿಗಳಿಗೆ ಮುಗ್ಗಲು ಅಕ್ಕಿಯ ಅನ್ನ ಬಡಿಸಬೇಕಲ್ಲ ಎಂಬ ಸ್ವಂತದ ಚಿಂತೆಯೂ ಬಂತು.

ಪಕ್ಕದಲ್ಲಿ ಕೂತಿದ್ದವಳು ಕುಷ್ಟಗಿಯಲ್ಲಿಳಿದು ಯಲಬುರ್ಗಾ ಬಸ್ಸು ಹಿಡಿಯುವವಳು. ಅವಳ ಮನೆಯಲ್ಲಿ ಮೆಣಸಿನಕಾಯಿ ಬೆಳೆದಿದ್ದರು.

"ನಿಮ್ಮ ಕಡೆ ಮಳಿ ಹೆಂಗೈತ್ರಿ?" ಎಂದು ಕೇಳಿದೆ.

"ಏನ ಹೇಳೂದ್ರಿ ಅಕ್ಕಾರ. ಮೆಣಸಿನಕಾಯಿ ಫ್ಯಾನಿನ ಕೆಳಗ ಮಂಚದ ಮ್ಯಾಲ ಮಲಗ್ಯಾವು. ನಾವು ಪಡಸಾಲ್ಯಾಗ ಸೊಳ್ಳಿ ಕಡಿಸ್ಕೊಂತ ಬಿದ್ದೀವಿ. ನಮ್ಮ ಮಾವ ಅಂತೂ ಸೀನಿ ಸೀನಿ ಸಾಕಾಗ್ಯಾನ," ಎಂದಳು.

ಇಬ್ಬರೂ ನಕ್ಕೆವು. ಆಮೇಲೆ ಅವಳು, ಅರ್ಧಕ್ಕರ್ಧ ಕಾಯಿ ಬೆಳ್ಳಗಾಗಿವೆ, ಅವನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂದಳು. ನಗು ಅಲ್ಲಿಗೇ ನಿಂತಿತು.

ಕುಷ್ಟಗಿಯಲ್ಲಿ ಊಟ. ರೊಟ್ಟಿಯ ಅಂಚು ಬಿರಿದಿತ್ತು, ನಡುವೆ ಜಿಗುಟಾಗಿತ್ತು. ಹಿಟ್ಟು ತೇವ ಹಿಡಿದರೆ ಎಂಥ ಕೈಗೂ ರೊಟ್ಟಿ ಮಾತು ಕೇಳುವುದಿಲ್ಲವೆಂದು ನನಗೆ ಗೊತ್ತು, ಸುಮ್ಮನೆ ಉಂಡೆ. ಅಲ್ಲಿಂದ ಹನುಮಸಾಗರಕ್ಕೆ ಇನ್ನೊಂದು ಬಸ್ಸು, ಮುಂದೆ ಟಂಟಂ ಆಟೋ. ಯಾವಾಗಲೂ ಇಪ್ಪತ್ತು ರೂಪಾಯಿ ಇಸಕೊಳ್ಳುವಲ್ಲಿ ಡ್ರೈವರ್ ಐವತ್ತು ಕೇಳಿದ. ಅಷ್ಟು ಕೊಟ್ಟರೂ ಎರೆಹೊಲದ ದಾರಿ ಶುರುವಾಗುವಲ್ಲಿ ನಿಲ್ಲಿಸಿ, "ಇಲ್ಲಿಂದ ಮುಂದ ನಿಮ್ಮ ಕಾಲು, ನಿಮ್ಮ ನಸೀಬರಿ," ಎಂದ.

ಅಲ್ಲಿ ದಸ್ತಗೀರ್ ಚಾಚಾ, ಅಂದರೆ ಚಾಚಿಯ ಗಂಡ, ಗೊಬ್ಬರದ ಚೀಲವನ್ನೇ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ನನಗಾಗಿ ನಿಂತಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಅವರ ಹಿಂದೆ ನಡೆದೆ. ಎರೆಮಣ್ಣು ಒದ್ದೆಯಾದರೆ ಬಿಡುವ ಜಾತಿಯದಲ್ಲ. ಒಂದು ಹೆಜ್ಜೆ ಇಟ್ಟರೆ ಒಂದು ಸೇರು ಮಣ್ಣು ಕಾಲಿಗೆ ಹತ್ತುತ್ತಿತ್ತು. ಎರಡೂ ಕಡೆಯ ಹೊಲಗಳಲ್ಲಿ ಆಗಲೇ ಕಂಬಗಳು ನೆಟ್ಟು ಸೋಲಾರ್ ತಗಡು ಹೊಂದಿಸಿದ್ದರು. ಮಳೆಗೆ ತೊಳೆದು ಅವು ಮಾತ್ರ ಫಳಫಳ ಅನ್ನುತ್ತಿದ್ದವು. ಇಡೀ ದಾರಿಯಲ್ಲಿ ಮಳೆಯಿಂದ ಲಾಭವಾದದ್ದು ಅವಕ್ಕೊಂದೇ ಎಂದು ಅಂದುಕೊಂಡೆ.

ಮನೆಯಲ್ಲಿ ಕಟ್ಟಿಗೆ ಹಸಿ, ಹೊದೆಯುವ ಕೌದಿ ಹಸಿ, ಗೋಡೆ ಹಸಿ. ಕೋಳಿಗಳು ಒಳಗೆ ಬಂದು ಜೋಳದ ಚೀಲದ ಮೇಲೆ ಕೂತಿದ್ದವು. ಚಾಚಿ ನಾಳೆಯ ಕಟ್ಟಿಗೆಯನ್ನು ಇಂದಿನ ಒಲೆಯ ಸುತ್ತ ನಿಲ್ಲಿಸಿ ಒಣಗಿಸುತ್ತಿದ್ದಳು. ಹೊಗೆಯಲ್ಲಿ ಮೂವರೂ ಕಣ್ಣೊರೆಸಿಕೊಳ್ಳುತ್ತ ಚಹಾ ಕುಡಿದೆವು.

"ಅಮಾಸಿಗಿಂತ ಮೊದ್ಲ ನೀ ನೋಡಬೇಕಿತ್ತು," ಎಂದಳು ಚಾಚಿ. "ಆಕಾಶ ಸ್ವಚ್ಛ ಇತ್ತು. ಇಬ್ಬನಿ ಅಂದ್ರ ಇಬ್ಬನಿ, ಹೊಲದಾಗ ಹೊಕ್ಕರ ಮೊಣಕಾಲ ಮಟ ಸೀರಿ ತೊಯ್ತಿತ್ತು. ಇದೊಂದ ವರ್ಸ ಅಮಾಸಿ ದಾರಿ ನೋಡಬ್ಯಾಡ, ಬಟ್ಟಿ ಹಾಸಿಬಿಡು ಅಂದ್ರು ನಿಮ್ಮ ಚಾಚಾ. ನಾ ಒಲ್ಲೆ ಅಂದೆ."

ಆ ಊರಿನಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ಅಡುಗೆ ಕಟ್ಟಿಕೊಂಡು ಹೋಗಿ, ಮೊದಲು ಭೂಮಿಗೆ ಎರಚಿ, ಆಮೇಲೆ ತಾವು ಉಣ್ಣುವುದು. ಅಲ್ಲಿಯವರೆಗೆ ಹಿಂಗಾರಿ ಹೊಲದಿಂದ ಒಂದೆಲೆಯನ್ನೂ ಮನೆಗೆ ತರುವುದಿಲ್ಲ. ಚಾಚಿಯ ಮನೆಯವರೂ ಊರಿನ ನೆರೆಯವರ ಜೊತೆ ಹೋಗಿ ತಮ್ಮ ಹೊಲಕ್ಕೂ ಚರಗ ಹಾಕಿಸಿ, ಅವರೊಂದಿಗೇ ಕೂತು ಉಂಡು ಬರುತ್ತಾರೆ. ಅವಳ ಅತ್ತೆಯ ಕಾಲದಿಂದ ನಡೆದು ಬಂದ ರೂಢಿ ಅದು.

"ಅದಕ್ಕ ಉಣಸದ ಅದರ ಕಡಿಂದ ಕಸಗೊಳ್ಳೂದು ಹೆಂಗವ್ವ? ಕಡೀ ವರ್ಸ ತಪ್ಪಸಬಾರದು ಅನ್ನಿಸ್ತು. ಅಮಾಸಿ ದಿನ ಬುತ್ತಿ ಬಿಚ್ಚಾಕ ಕುಂತೀವಿ, ಮಳಿ ಹತ್ತಿತು."

ಅಂದು ಹತ್ತಿದ ಮಳೆ ಬಿಟ್ಟಿರಲಿಲ್ಲ. ಎಲೆಯ ಹುಳಿಯೆಲ್ಲ ತೊಳೆದು ಹೋಗಿತ್ತು. ಅದು ಮತ್ತೆ ಕೂಡಬೇಕಾದರೆ ಒಂದು ವಾರವಾದರೂ ಬಿಸಿಲು ಬೀಳಬೇಕು. ಆದರೆ ನೀರು ನಿಂತು ಕಡಲೆಯ ಬೇರು ಕೊಳೆಯತೊಡಗಿದ್ದವು. ಗಿಡ ಪೂರಾ ಒಣಗುವ ಮೊದಲೇ ದನ ಬಿಟ್ಟು ಮೇಯಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಸಂಕ್ರಾಂತಿಗೆ ಹೊಲ ಖಾಲಿ ಮಾಡಿ ಕೊಡಬೇಕು.

"ಯಾಕ ಕೊಟ್ರಿ ಚಾಚಿ?" ಎಂದೆ. ಕೇಳಬಾರದಿತ್ತೇನೋ.

"ಸುತ್ತಮುತ್ತ ಎಲ್ಲಾರೂ ಕೊಟ್ರು. ನಡುವ ನಮ್ಮದೊಂದ ಉಳೀತು. ಬಂಡಿ ಹೊಡಕೊಂಡ ಹೋಗಾಕ ದಾರಿ ಇಲ್ಲ. ನಾನೂ ಹೆಬ್ಬೆಟ್ಟ ಒತ್ತೀನಿ ತಾಯಿ, ಯಾರ ಮ್ಯಾಲ ಸಿಟ್ಟ ಮಾಡ್ಲಿ?" ಎಂದು ಒಲೆ ಊದತೊಡಗಿದಳು.

ಚಾಚಾ ಎದ್ದು ಹೊರಗೆ ಹೋದರು. ಕೈ ತೊಳೆಯಲು ನಾನೂ ಹೋದಾಗ ಸೂರಿನ ಕೆಳಗೆ ನಿಂತು ಮೆಲ್ಲಗೆ ಹೇಳಿದರು. "ಆಕಿ ಒಲ್ಲೆ ಅಂದಳಂತ ನಾ ಸುಮ್ಮನಾದೆ. ಆಕಿಗೆ ಹೇಳದ ನಾನ ಹೋಗಿ ಬಟ್ಟಿ ಹಾಸಿ ಬರಬೇಕಿತ್ತವ್ವ. ಬೈಸ್ಕೊಂಡಿದ್ರ ಆಗತಿತ್ತು."

ಮರುದಿನ ಮಧ್ಯಾಹ್ನದ ಹೊತ್ತಿಗೆ ಮೋಡ ಒಡೆಯಿತು. ಬಿಸಿಲು ಕಂಡದ್ದೇ ತಡ, ಊರಿಗೆ ಊರೇ ಕೌದಿಗಳನ್ನು ಹೊತ್ತು ಹೊರಗೆ ಬಂತು. ಗೋಡೆ, ಬೇಲಿ, ಟ್ರ್ಯಾಕ್ಟರ್, ಗುಡಿಯ ಕಟ್ಟೆ, ಒಂದೂ ಬಿಡದೆ ಕೌದಿ. ಒಬ್ಬಳು ಒಣಗುತ್ತಿದ್ದ ಕೌದಿಯ ಮೇಲೆಯೇ ಅತ್ತೆಯನ್ನು ಕೂರಿಸಿದ್ದಳು. ಎರಡೂ ಒಟ್ಟಿಗೆ ಒಣಗಲಿ ಎಂದಳು. ಸಂಜೆ ಆಕಾಶ ತಿಳಿಯಾಗಿ ಸಣ್ಣಗೆ ಚಳಿ ಹುಟ್ಟಿತು. ಚಾಚಿಯ ಮುಖದಲ್ಲಿ ಕಳೆ ಬಂತು. ಹೇಗೂ ಒಂದು ವಾರದ ಬಿಸಿಲು ಸಿಕ್ಕುವುದಿಲ್ಲ, ಆದದ್ದಾಗಲಿ, ದನ ಬಿಡುವ ಮೊದಲು ಒಂದು ರಾತ್ರಿ ಹಾಸಿ ನೋಡೋಣ ಎಂದಳು.

ಹಳೆಯ ಧೋತರ ಹಿಡಿದು ಮೂವರೂ ಹೊಲಕ್ಕೆ ಹೋದೆವು. ಧೋತರದ ತುಂಬ ಸಣ್ಣ ಸಣ್ಣ ತೂತು. ಹುಳಿ ಬಟ್ಟೆಯನ್ನೂ ತಿನ್ನುತ್ತದೆ, ಎರಡು ವರ್ಷಕ್ಕೆ ಒಂದು ಧೋತರ ಬೇಕೆಂದು ಚಾಚಿ ಹೇಳಿದಳು. ಬದುವಿನ ಹತ್ತಿರ ಇನ್ನೂ ಹಸಿರಾಗಿದ್ದ ಗಿಡಗಳನ್ನು ಆರಿಸಿ, ತುದಿ ಮುರಿಯದಂತೆ ಬಟ್ಟೆ ಹಾಸಿದಳು. ಒಂದೆಲೆ ಕಿತ್ತು ಬಾಯಿಗಿಡಲು ಹೋದ ನನ್ನ ಕೈ ಹಿಡಿದು, "ಬ್ಯಾಡ. ಮುಂಜಾನೆ ನೋಡೋಣಂತ," ಎಂದಳು.

ನಸುಕಿನಲ್ಲಿ ಮತ್ತೆ ಹೋದೆವು. ಇಬ್ಬನಿ ಚೆನ್ನಾಗಿಯೇ ಬಿದ್ದಿತ್ತು. ಧೋತರ ತೊಯ್ದು ಭಾರವಾಗಿತ್ತು. ಒಂದು ತುದಿ ಚಾಚಿ, ಇನ್ನೊಂದು ತುದಿ ಚಾಚಾ ಹಿಡಿದು ತಿರುವಿದರು. ನಾನು ಗಾಜಿನ ಬಟ್ಟಲು ಹಿಡಿದೆ. ನೋಡುನೋಡುತ್ತ ಅದು ತುಂಬಿತು. "ಇಷ್ಟ ಒಮ್ಮೆನೂ ಬಂದಿಲ್ಲ," ಎಂದಳು ಚಾಚಿ. ಆ ದನಿಯಲ್ಲಿ ಖುಷಿ ಇರಲಿಲ್ಲ.

ಚಾಚಾ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಕಿರಿದು ಮಾಡಿ, ಹಲ್ಲು ಕಚ್ಚಿ, ತಲೆ ಕೊಡವಿದರು. "ಹುಳಿ ಐತಿ. ಭಾಳ ಐತಿ," ಎಂದರು. ನಾನು ನಂಬಿದೆ, ಜೀವಕ್ಕೆ ಹಾಯೆನಿಸಿತು. ನಾನೂ ಬೆರಳದ್ದಿ ನೋಡಿದೆ. ನೀರು. ಹಳೆ ಬಟ್ಟೆಯ ವಾಸನೆ ಹೊಡೆಯುವ ಸಪ್ಪೆ ನೀರು. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಮುಖ ಹುಳ್ಳಗೆ ಮಾಡಿಕೊಂಡೆ.

ಚಾಚಿ ನಮ್ಮಿಬ್ಬರನ್ನೂ ನೋಡಿದಳು. ಬಟ್ಟಲು ಇಸಕೊಂಡು ಒಂದು ಗುಟುಕು ಕುಡಿದಳು. ಹುಳಿಯನ್ನು ಯಾರೂ ಗುಟುಕು ಕುಡಿಯುವುದಿಲ್ಲ. "ನೀರು ತಂಪ ಅದಾವ," ಎಂದು ಉಳಿದದ್ದನ್ನು ಗಿಡದ ಬುಡಕ್ಕೆ ಸುರುವಿದಳು. ಚಾಚಾ ತಲೆ ತಗ್ಗಿಸಿ ನಿಂತಿದ್ದರು. ಅವರನ್ನು ಹಾಗೆ ನೋಡಲಾಗದೆ ಇರಬೇಕು, ಬೆಳೆ ಕೆಟ್ಟಾಗಲೆಲ್ಲ ಗಂಡನಿಗೆ ಹೇಳಿಕೊಂಡು ಬಂದಂತೆಯೇ ಚಾಚಿ ಹೇಳಿದಳು. "ಇರ್ಲಿ ಬಿಡ್ರಿ. ಬರೂ ವರ್ಸ ಛಲೋ ಬರತೈತಿ."

ಅಂದ ಮೇಲೆ ಅವಳಿಗೇ ಅದು ಕೇಳಿಸಿತು. ಗಂಡ ಹೆಂಡತಿ ಧೋತರವನ್ನು ಕೊಡವಿ, ತುದಿಗೆ ತುದಿ ಸೇರಿಸಿ ಮಡಚಿದರು.

ಹನುಮಸಾಗರದಲ್ಲಿ ಬಸ್ಸು ಹತ್ತುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಕಂಡಕ್ಟರ್ ಮೊಬೈಲ್ ನೋಡಿ, ಇನ್ನು ಎಂಟು ದಿನ ಹನಿ ಮಳೆ ಇಲ್ಲ, ಬರೀ ಚಳಿ, ಬರೀ ಇಬ್ಬನಿ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬಸ್ಸಿನ ತುಂಬ ಜನ ಅಂತೂ ಬಿಡ್ತಲ್ಲ ಎಂದು ಖುಷಿಪಟ್ಟರು. ಅಷ್ಟೊತ್ತಿಗೆ ಚಾಚಿಯ ಹೊಲಕ್ಕೆ ದನ ಬಿಟ್ಟಿರಬೇಕು. ನಾನು ಕಿಟಕಿಯ ಕಡೆ ತಿರುಗಿ ಕೂತು ಅತ್ತುಬಿಟ್ಟೆ.