ಅಮ್ಮ ಕರ್ತನ ಭೋಜನಕ್ಕೆ ಏಳದ ಭಾನುವಾರ

ಆ ದಿನಗಳಲ್ಲಿ ದೆಹಲಿಯ ಚಳಿಗಾಲವೆಂದರೆ ನಮಗೆಲ್ಲ ತಾರಸಿಯೇ ಮನೆ. ಎಪ್ಪತ್ತರ ದಶಕದ ಮಧ್ಯಭಾಗ. ಅಪ್ಪ ಸರ್ಕಾರಿ ಗುಮಾಸ್ತ, ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ಮೇಲಂತಸ್ತು ನಮ್ಮದು. ಬೆಳಗಿನ ಕೆಲಸ ಮುಗಿಯುತ್ತಲೇ ಹೆಂಗಸರು ಉಣ್ಣೆಯ ಉಂಡೆ, ಬಟಾಣಿಯ ಬುಟ್ಟಿ ಹಿಡಿದು ಬಿಸಿಲಿಗೆ ಬಂದುಬಿಡುತ್ತಿದ್ದರು. ಮೂಲಂಗಿಗೆ ಉಪ್ಪು, ನಿಂಬೆ ಸವರಿ ತಿನ್ನುವುದು, ಕಿತ್ತಳೆ ಸಿಪ್ಪೆಯನ್ನು ಒಬ್ಬರ ಕಣ್ಣಿಗೊಬ್ಬರು ಹಿಂಡುವುದು, ಏಳು ಕಲ್ಲು ಪೇರಿಸಿ ಚೆಂಡಿನಿಂದ ಉರುಳಿಸುವ ಪಿಟ್ಠೂ ಆಡುವುದು ನಮ್ಮ ಕೆಲಸ. ಹತ್ತು ವರ್ಷದ ನನಗೆ ಇನ್ನೇನು ಬೇಕಿತ್ತು?

ಎದುರು ಮನೆಯ ಕಮಲಾ ಆಂಟಿ ಪಂಜಾಬಿನವರು. ಉಡುಪಿಯ ಕಡೆಯಿಂದ ಬಂದ ಅಮ್ಮ ಮೊದಲ ಚಳಿಗಾಲದಲ್ಲಿ ಗಡಗಡ ನಡುಗುವಾಗ ತಮ್ಮದೇ ರಜಾಯಿ ತಂದು ಹೊದಿಸಿದವರು. ಅಮ್ಮನಿಗೆ ಚಪಾತಿ ಉಬ್ಬಿಸಲು ಕಲಿಸಿದವರು, ಸ್ವೆಟರಿನ ಕುತ್ತಿಗೆ ಹೆಣೆಯಲು ಕಲಿಸಿದವರು, ಹಿಂದಿ ಕಲಿಸಲು ಹೋಗಿ ಸೋತವರು. ಪ್ರತಿ ಜನವರಿಯಲ್ಲೂ ಅವರು ಕಪ್ಪು ಕ್ಯಾರೆಟ್ಟನ್ನು ಸಾಸಿವೆಪುಡಿ ಹಾಕಿದ ನೀರಿನಲ್ಲಿ ನೆನೆಸಿ, ದೊಡ್ಡ ಪಿಂಗಾಣಿ ಬರ್ನಿಯಲ್ಲಿ ಬಿಸಿಲಿಗಿಡುತ್ತಿದ್ದರು. ನಾಲ್ಕು ದಿನಕ್ಕೆ ಅದು ಹುಳಿಬಂದು, ಲೋಟದಲ್ಲಿ ಕುಡಿಯುವ ನೇರಳೆ ಬಣ್ಣದ ಕಾಂಜಿಯಾಗುತ್ತಿತ್ತು. ಬರ್ನಿ ಅವರ ತೀರಿಹೋದ ಅತ್ತೆಯದು.

ಅದನ್ನು ಒಡೆದದ್ದು ನಾನೇ. ಸುತ್ತುಬಳಸು ಬೇಡ, ಮೊದಲೇ ಹೇಳಿಬಿಡುತ್ತೇನೆ. ತಾರಸಿಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಗೋಡೆಗೆ ಹೊಡೆದ ಚೆಂಡು ಬೇಕೆಂದೇ ಹೋದ ಹಾಗೆ ಬರ್ನಿಗೆ ಹೋಗಿ ಬಡಿಯಿತು. ಸಾಸಿವೆಯ ಘಾಟು ಮೂಗಿಗೆ ಅಡರಿದ್ದಷ್ಟೇ ನೆನಪು, ನಾನು ಮೆಟ್ಟಿಲಿಳಿದು ಓಡಿಯಾಗಿತ್ತು.

ಸಂಜೆ ಆಂಟಿ ಮೆಟ್ಟಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದರು. ಮಂಗ ಬಂದಿತ್ತು ಎಂದೆ. ಆಂಟಿ ನನ್ನ ಕಾಲುಚೀಲದ ಮೇಲಿದ್ದ ನೇರಳೆ ಚುಕ್ಕೆಗಳನ್ನು ನೋಡಿ, ನಾಲ್ಕು ಮನೆಯವರಿಗೆ ಕೇಳುವಂತೆ, "ಝೂಠೀ!" ಎಂದರು. ಅಮ್ಮ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದಳು. ಚುಕ್ಕೆಗಳ ಕಡೆ ಅವಳು ನೋಡಲೂ ಇಲ್ಲ.

"ಮೇರಾ ಬೇಟಿ ಝೂಠ್ ನಹೀ ಬೋಲ್ತಾ! ಝೂಠಾ ಆಪ್ ಹೈ!"

ನನ್ನ ಮಗಳು ಸುಳ್ಳು ಹೇಳುವವಳಲ್ಲ, ಸುಳ್ಳಿ ನೀವೇ ಎಂದು ಅಮ್ಮನ ಹರಕು ಹಿಂದಿ. ಅಲ್ಲಿಗೆ ಎರಡೂ ಮನೆಗಳ ಬಾಗಿಲು ಮುಚ್ಚಿದವು. ಮರುದಿನದಿಂದ ಅಮ್ಮ ಬಿಸಿಲಿಗೆ ಹೋಗುವುದನ್ನೇ ಬಿಟ್ಟು, ಒಳಗಿನ ಕೊರೆಯುವ ನೆಲದ ಮೇಲೆ ಚಾಪೆ ಹಾಸಿ ಒಬ್ಬಳೇ ಹೆಣೆಯುತ್ತಿದ್ದಳು.  ಆದರೂ ನಾನು ಬಾಯಿ ಬಿಡಲಿಲ್ಲ. ನನ್ನನ್ನು ನಂಬಿ ಜಗಳಕ್ಕೆ ನಿಂತವಳಿಗೆ ಯಾವ ಮುಖ ಹೊತ್ತು ಹೇಳಲಿ?

ನಾವು ಕ್ರೈಸ್ತರು. ದೆಹಲಿಯಲ್ಲಿದ್ದ ನಮ್ಮ ಪುಟ್ಟ ಕನ್ನಡ ಸಭೆಗೆ ಸ್ವಂತ ಚರ್ಚಿರಲಿಲ್ಲ. ಇಂಗ್ಲಿಷ್ ಸಭೆಯವರ ಆರಾಧನೆ ಮುಗಿದ ಮೇಲೆ ಅವರದೇ ಚರ್ಚಿನಲ್ಲಿ ಸೇರುತ್ತಿದ್ದೆವು. ನಮ್ಮೂರ ಪಾದ್ರಿ ಅಯ್ಯನವರು ಮೂರು ತಿಂಗಳಿಗೊಮ್ಮೆ ರೈಲು ಹತ್ತಿ ಬಂದಾಗ ಮಾತ್ರ ನಮಗೆ ಕನ್ನಡದಲ್ಲಿ ಕರ್ತನ ಭೋಜನ. ಯೇಸುವಿನ ಕೊನೆಯ ಊಟದ ನೆನಪಿಗೆ ಕೊಡುವ ಆ ರೊಟ್ಟಿ, ದ್ರಾಕ್ಷಾರಸ ದೊಡ್ಡವರಿಗಷ್ಟೇ. ಅಮ್ಮ ಆ ಭಾನುವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುತ್ತಿದ್ದಳು. ಅದರ ಹಿಂದಿನ ಶನಿವಾರ ನಮ್ಮ ಮನೆಯಲ್ಲೊಂದು ಪದ್ಧತಿ. ಊಟಕ್ಕೆ ಮೊದಲು ಎಲ್ಲರೂ ಚಾಪೆಯ ಮೇಲೆ ಕುಳಿತು ಒಬ್ಬರನ್ನೊಬ್ಬರು ಕ್ಷಮೆ ಕೇಳಬೇಕು. ಅಪ್ಪ ಕೂಡ ಮಕ್ಕಳನ್ನು ಕೇಳುತ್ತಿದ್ದರು. ತಪ್ಪು ಏನೆಂದು ಬಾಯಿಬಿಟ್ಟು ಹೇಳಬೇಕು. ಕ್ಷಮಿಸುವವರು "ಮನಸ್ಸಿನಿಂದ ತೆಗೆದಿದ್ದೇನೆ" ಎನ್ನಬೇಕು, ಮತ್ತೆಂದೂ ಆ ಮಾತು ಎತ್ತಕೂಡದು.

ಆ ಶನಿವಾರ ಅಣ್ಣ ನನ್ನ ರಬ್ಬರು ಕದ್ದದ್ದನ್ನು ಹೇಳಿದ. ನಾನು ಅವನ ಪಾಲಿನ ಗಜಕ್, ಎಳ್ಳುಬೆಲ್ಲದ ಮಿಠಾಯಿ, ತಿಂದದ್ದನ್ನು ಹೇಳಿ, ದೊಡ್ಡದನ್ನು ನುಂಗಿಕೊಂಡೆ. ಅಮ್ಮನ ಸರದಿ ಬಂತು.

"ನನಗೆ ಎದುರು ಮನೆಯವಳ ಮೇಲೆ ಸಿಟ್ಟುಂಟು. ಎಷ್ಟು ಪ್ರಾರ್ಥಿಸಿದರೂ ಹೋಗುವುದಿಲ್ಲ. ನಾಳೆ ನಾನು ಭೋಜನಕ್ಕೆ ಏಳುವುದಿಲ್ಲ."

"ಇನ್ನು ಈಸ್ಟರಿಗೇ ಅಯ್ಯನವರು ಬರುವುದು, ಮಾರಾಯ್ತಿ," ಎಂದರು ಅಪ್ಪ.

"ಮತ್ತೆಂತ ಮಾಡ್ಲಿ? ಹೊಟ್ಟೆಯೊಳಗೆ ಇದನ್ನಿಟ್ಟುಕೊಂಡು ಕರ್ತನ ಮುಂದೆ ಕೈ ಒಡ್ಡಲಾ? ನನ್ನ ಮಗುವನ್ನು ಸುಳ್ಳಿ ಅಂದಳಲ್ಲ ಅವಳು!"

ಭಾನುವಾರ ಅಯ್ಯನವರು ಕರೆದಾಗ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಅಪ್ಪ ಎದ್ದು ಭೋಜನದ ಮೇಜಿನ ಬಳಿ ಹೋದರು. ಮಕ್ಕಳನ್ನು ಬಿಟ್ಟರೆ ಕುಳಿತೇ ಇದ್ದವಳು ಅಮ್ಮ ಒಬ್ಬಳೇ. ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ ನೋಡಿ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಅಮ್ಮ ಗೀತೆಗಳ ಪುಸ್ತಕವನ್ನು ಕಣ್ಣಿನ ತೀರ ಹತ್ತಿರ ಹಿಡಿದಿದ್ದಳು. ಓದುತ್ತಿರಲಿಲ್ಲ, ಅಳುತ್ತಿದ್ದಳು. ನನ್ನಿಂದ ತಡೆಯಲಾಗಲಿಲ್ಲ.

"ಅಮ್ಮಾ, ಬರ್ನಿ ಒಡೆದದ್ದು ನಾನೇ."

ಅವಳು ಪುಸ್ತಕ ಕೆಳಗಿಟ್ಟಳು. "ಹೇಳು," ಎಂದಳು.

ಹೇಳಿದೆ. ಚೆಂಡು, ಮಂಗ, ಕಾಲುಚೀಲವನ್ನು ಸೋಪು ಹಾಕಿ ಉಜ್ಜಿದ್ದು, ಎಲ್ಲ. ಬಿಕ್ಕಳಿಸಿ ನಿಂತಾಗ ಅವಳೂ ಕಾದಳು.  ಕೊನೆಗೆ ನನ್ನ ಕೈ ಹಿಡಿದು ಎದ್ದಳು. ಭೋಜನದ ಮೇಜಿನ ಕಡೆ ಹೋಗುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಕಡೆ ನಡೆದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ನೇರ ಕಮಲಾ ಆಂಟಿಯ ಬಾಗಿಲು ತಟ್ಟಿದಳು. ಚರ್ಚಿನ ರೇಷ್ಮೆ ಸೀರೆಯಲ್ಲೇ ಕೈಮುಗಿದು, ಶನಿವಾರದ ಪದ್ಧತಿಯಂತೆ ತಪ್ಪನ್ನು ಹೆಸರಿಟ್ಟು ಹೇಳಿದಳು.

"ಬೆಹೆನ್‌ಜೀ, ಬರ್ನಿ ಮೇರಾ ಬೇಟಿ ತೋಡಾ. ಮೈ ಆಪ್‌ಕೋ ಝೂಠಾ ಬೋಲಾ. ಮಾಫ್ ಕರೋ."

ನಾನೂ ಹೇಳಿದೆ. ಆಂಟಿ ಬಾಗಿಲಿಗೊರಗಿ ನಿಂತಿದ್ದವರು ನನ್ನ ತಲೆಯ ಮೇಲೆ ಕೈಯಿಟ್ಟರು. ಒಡೆದದ್ದು ಒಡೆಯಿತು, ಅತ್ತೆ ನೆನಪಾಗಿ ನಾನೂ ಮೆಟ್ಟಿಲಲ್ಲಿ ನಿಂತು ಕೂಗಾಡಿಬಿಟ್ಟೆ, ಆದರೆ ನೀನು ಬಿಸಿಲಿಗೆ ಬರುವುದನ್ನೇ ಬಿಟ್ಟೆಯಲ್ಲ, ಅದೇ ನನಗೆ ನೋವಾದದ್ದು ಎಂದು ಹಿಂದಿಯಲ್ಲಿ ಹೇಳುತ್ತ ಅವರೂ ಅತ್ತರು. ಆಮೇಲೆ, "ಚಲೋ, ಅಂದರ್ ಆಓ, ಠಂಡ್ ಹೈ," ಎಂದು ಚಳಿಯಿಂದ ಒಳಗೆ ಎಳೆದುಕೊಂಡು ಹೋಗಿ ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪು, ಮೇಲೊಂದು ಮುದ್ದೆ ಬೆಣ್ಣೆ ಬಡಿಸಿದರು. ಅಮ್ಮ ಎರಡು ರೊಟ್ಟಿ ತಿಂದಳು. ಕರ್ತನ ಭೋಜನ ಮಾತ್ರ ಆ ಸಲ ಅವಳಿಗೆ ತಪ್ಪಿಯೇ ಹೋಯಿತು.

"ನೀನು? ನೀನು ಕ್ಷಮಿಸಿದೆಯಾ?" ಎಂದು ನಮ್ಮ ಬಾಗಿಲಲ್ಲಿ ಹೆದರುತ್ತ ಅಮ್ಮನನ್ನು ಕೇಳಿದೆ.

"ಮನಸ್ಸಿನಿಂದ ತೆಗೆದಿದ್ದೇನೆ," ಎಂದಳು. ಅಲ್ಲಿಂದ ಮುಂದೆ ನಾನು ಮಾಡಿದ ತಂಟೆ, ಹೇಳಿದ ಸುಳ್ಳು ಎಷ್ಟೋ. ಬೈದಳು, ಎರಡೇಟು ಬಿಗಿದದ್ದೂ ಉಂಟು. ಬರ್ನಿಯ ಮಾತನ್ನು ಮಾತ್ರ ಸಾಯುವವರೆಗೂ ಎತ್ತಲಿಲ್ಲ.

ಈಗ ನಾನಿರುವುದು ಗ್ರೇಟರ್ ನೋಯ್ಡಾದ ಹನ್ನೊಂದನೇ ಮಹಡಿಯಲ್ಲಿ. ಎದುರು ಮನೆಯವರ ಹೆಸರೂ ಗೊತ್ತಿಲ್ಲ, ಗೊತ್ತಿಲ್ಲದವರ ಜೊತೆ ಜಗಳವೂ ಇಲ್ಲ. ಹೋದ ತಿಂಗಳು ಮಗಳು ಅಡುಗೆಮನೆಗೆ ಬಂದು, "ಅಮ್ಮಾ, ಏಕ್ ಬಾತ್ ಹೇಳ್ಬೇಕು. ನಾನು ತಪ್ಪು ಮಾಡಿದೀನಿ," ಎಂದಳು. ಕುಕ್ಕರು ಕೂಗುತ್ತಿತ್ತು, ಕೈಯಲ್ಲಿ ಫೋನಿತ್ತು. "ಪರವಾಗಿಲ್ಲ ಬಿಡು, ಪುಟ್ಟಾ," ಎಂದೆ, ಪ್ರೀತಿಯಿಂದಲೇ. ಅವಳು "ಅಚ್ಛಾ," ಎಂದು ಹೊರಟುಹೋದಳು.

ಏನು ತಪ್ಪು ಎಂದು ನಾನು ಕೇಳಲೇ ಇಲ್ಲ.